ಅಲೆಯ ಮೇಲೆ ನಿಲ್ಲುವ ಮುನ್ನ

ಬೇಸಿಗೆಯ ರಜೆ ಸಮೀಪಿಸುತ್ತಿದ್ದಂತೆ ಶ್ರೀಮಠಕ್ಕೆ ದರ್ಶನಕ್ಕೆ ಬರುವ ತಾಯಂದಿರ ಮಾತಿನಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ಆತಂಕ ಕೇಳಿಬರುತ್ತಿದೆ. ರಾಯಚೂರಿನಲ್ಲಿ ಓದುತ್ತಿರುವ ಮಗ, ಬೆಂಗಳೂರಿನಲ್ಲಿ ಉದ್ಯೋಗಕ್ಕೆ ಸೇರಿದ ಮಗಳು ಗೆಳೆಯರೊಡನೆ ಕರಾವಳಿಗೆ ಹೋಗಿ ‘ಸರ್ಫಿಂಗ್’ ಕಲಿಯುತ್ತೇವೆ ಎನ್ನುತ್ತಾರೆ. ಹಲಗೆಯ ಮೇಲೆ ನಿಂತು ಸಮುದ್ರದ ಅಲೆಯೊಡನೆ ದಡದತ್ತ ಜಾರಿ ಬರುವ ಆಟವಂತೆ. ಕಳುಹಿಸಬಹುದೇ, ಬೇಡವೇ? ದೇವದುರ್ಗದ ಒಬ್ಬ ತಾಯಿ ನಮ್ಮೆದುರು ಕಣ್ಣೀರು ತುಂಬಿಕೊಂಡೇ ಈ ಪ್ರಶ್ನೆ ಕೇಳಿದರು. ಅವರ ಕಣ್ಣೀರಿಗೆ ಕಾರಣವಿಲ್ಲದೆ ಇಲ್ಲ. 2024ರ ಡಿಸೆಂಬರ್ ತಿಂಗಳಲ್ಲಿ ಶೈಕ್ಷಣಿಕ ಪ್ರವಾಸಕ್ಕೆಂದು ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಅಸುನೀಗಿದ ಸುದ್ದಿಯನ್ನು ನಾವೆಲ್ಲರೂ ಓದಿದ್ದೇವೆ. ಅವರೂ ನಮ್ಮಂತೆಯೇ ಬಯಲುಸೀಮೆಯ ಮಕ್ಕಳು.

ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಕಳುಹಿಸಬಹುದು. ಆದರೆ ಹಲಗೆಯನ್ನು ಮುಟ್ಟುವ ಮೊದಲು ಮಗುವಿಗೆ ಈಜು ಬರಬೇಕು, ನೀರಿನ ನಡೆಯನ್ನು ಗುರುತಿಸುವುದು ಗೊತ್ತಿರಬೇಕು. ಬೇಡವೆಂದು ತಡೆದ ಮಕ್ಕಳು ಹೇಳದೆ ಹೋಗುತ್ತಾರೆ, ಹೇಳದೆ ಹೋದವರು ಕಲಿಯದೆ ನೀರಿಗಿಳಿಯುತ್ತಾರೆ. ಸಮುದ್ರದಲ್ಲಿ ಆಗುವ ಸಾವುಗಳ ಸುದ್ದಿಯನ್ನು ಗಮನಿಸಿದರೆ, ತರಬೇತುದಾರರ ಕೈಕೆಳಗೆ ಹಲಗೆ ಹಿಡಿದವರಿಗಿಂತ ಬಟ್ಟೆ ಮಡಚಿಕೊಂಡು ಸುಮ್ಮನೆ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದವರೇ ಹೆಚ್ಚಾಗಿ ಕೊಚ್ಚಿಹೋಗಿರುವುದು ಕಾಣುತ್ತದೆ.

ಜಲದೊಡನೆ ಬಾಳುವ ವಿದ್ಯೆ ನಮ್ಮ ಪರಂಪರೆಗೆ ಹೊರಗಿನದೇನೂ ಅಲ್ಲ. ಹನ್ನೆರಡನೆಯ ಶತಮಾನದ ನಿಜಶರಣ ಅಂಬಿಗರ ಚೌಡಯ್ಯನವರ ಕಾಯಕವೇ ಜನರನ್ನು ಹೊಳೆ ದಾಟಿಸುವುದಾಗಿತ್ತು. ಅವರ ಹೆಸರನ್ನು ಹೊತ್ತ ಚೌಡಯ್ಯದಾನಪುರ ಇರುವುದು ಹಾವೇರಿ ಜಿಲ್ಲೆಯ ತುಂಗಭದ್ರೆಯ ದಂಡೆಯಲ್ಲಿ. ಅದೇ ತುಂಗಭದ್ರೆ ಕೆಳಗಿಳಿದು ಮಾನ್ವಿ ಸೀಮೆಯನ್ನು ತೋಯಿಸಿಕೊಂಡು ಬರುತ್ತಾಳೆ. ಬಸವಣ್ಣನವರು ಐಕ್ಯರಾದ ಕೂಡಲಸಂಗಮ ಕೃಷ್ಣಾ ಮಲಪ್ರಭೆಯರು ಕೂಡುವ ಸ್ಥಳ. ಅಲ್ಲಿಂದ ಹರಿದ ಕೃಷ್ಣೆಯೇ ದೇವದುರ್ಗದ ಗೂಗಲ್ ಗ್ರಾಮದ ಬದಿಯಲ್ಲಿ ಸಾಗುತ್ತಾಳೆ. ಉತ್ತರಕ್ಕೊಂದು ದಕ್ಷಿಣಕ್ಕೊಂದು ಮಹಾನದಿಯ ನಡುವೆ ಹುಟ್ಟಿದ ನಮ್ಮಲ್ಲಿ ಈಜು ಬಾರದವರೇ ಬಹುಮಂದಿ ಎಂಬುದು ವಿಚಿತ್ರವಾದರೂ ನಿಜ.

ಇನ್ನು ಕರಾವಳಿಯ ಸಂಗತಿ. ಕರ್ನಾಟಕದಲ್ಲಿ ಅಲೆಸವಾರಿಯ ಕಲಿಕೆ ವ್ಯವಸ್ಥಿತವಾಗಿ ಬೇರೂರಿದ್ದು ದಕ್ಷಿಣ ಕನ್ನಡ ಜಿಲ್ಲೆಯ ಮೂಲ್ಕಿಯಲ್ಲಿ, ಶಾಂಭವಿ ನದಿ ಸಮುದ್ರ ಸೇರುವ ಪರಿಸರದಲ್ಲಿ. ನಮ್ಮ ಓದುಗರಿಗೆ ಕುತೂಹಲವೆನಿಸುವ ಮಾತೆಂದರೆ ಅದು ಆರಂಭವಾದದ್ದು ಒಂದು ಆಶ್ರಮದಲ್ಲಿ. ಅಮೆರಿಕದಲ್ಲಿ ಹುಟ್ಟಿ, ಗೌಡೀಯ ವೈಷ್ಣವ ಸಂನ್ಯಾಸ ಸ್ವೀಕರಿಸಿದ್ದ ಸ್ವಾಮಿ ನರಸಿಂಗ ಅವರು (ಪೂರ್ವಾಶ್ರಮದಲ್ಲಿ ಜಾಕ್ ಹೆಬ್ನರ್) 2004ರಲ್ಲಿ ಅಲ್ಲಿ ಮಂತ್ರ ಸರ್ಫ್ ಕ್ಲಬ್ ಕಟ್ಟಿದರು. ಜನ ಅವರನ್ನು ‘ಸರ್ಫಿಂಗ್ ಸ್ವಾಮಿ’ ಎಂದೇ ಕರೆದರು. ಬೆಳಗಿನ ಜಪ, ಸಸ್ಯಾಹಾರ, ಮದ್ಯ ತಂಬಾಕುಗಳ ವರ್ಜನೆ, ಅದರೊಡನೆ ಅಲೆಸವಾರಿ. ಈ ನಾಲ್ಕೂ ಒಂದೇ ದಿನಚರಿಯಲ್ಲಿ ಇರಬಹುದೆಂದು ಅವರು ತೋರಿಸಿದರು. ಅವರು 2020ರಲ್ಲಿ ದೇಹ ಬಿಟ್ಟರು. ಅವರ ದರ್ಶನ ನಮ್ಮದಲ್ಲ, ಆದರೆ ಶಿಸ್ತಿನ ಈ ಮೇಳ ನಮಗೆ ಹಿಡಿಸಿದೆ. ಮೂಲ್ಕಿಯಲ್ಲಿ ಕಲಿತ ಮಂಗಳೂರು ಭಾಗದ ತನ್ವಿ ಜಗದೀಶ್ ಅವರು ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಸ್ಪರ್ಧೆಯಲ್ಲಿ ರಾಷ್ಟ್ರಮಟ್ಟದ ಚಾಂಪಿಯನ್ ಆದರು. 2016ರಲ್ಲಿ ಸಮೀಪದ ಸಸಿಹಿತ್ಲು ಕಡಲತೀರದಲ್ಲಿ ‘ಇಂಡಿಯನ್ ಓಪನ್’ ಸ್ಪರ್ಧೆ ನಡೆಯಿತು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆಗೆ ಮೊದಲ ಬಾರಿಗೆ ಸ್ಥಾನ ಸಿಕ್ಕಿತು. ಆದ್ದರಿಂದ ಇದು ಪುಂಡರ ಹುಚ್ಚಾಟ ಎಂದು ತಳ್ಳಿಹಾಕುವ ಕಾಲ ಮುಗಿದಿದೆ.

ಬಯಲುಸೀಮೆಯವರು ಮೊದಲು ತಿಳಿಯಬೇಕಾದದ್ದು ನೀರು ನೀರಿಗೂ ಇರುವ ವ್ಯತ್ಯಾಸ. ನಮ್ಮ ಹಿರಿಯರು ಈಸು ಕಲಿತದ್ದು ಹೊಲದ ಬಾವಿಯಲ್ಲಿ, ಬೆನ್ನಿಗೆ ಬೆಂಡು ಕಟ್ಟಿಕೊಂಡು. ಬಾವಿಯ ನೀರು ನಿಂತ ನೀರು. ನಾಲ್ಕು ಬಾರಿ ಕೈ ಬೀಸಿದರೆ ಗೋಡೆ ಸಿಗುತ್ತದೆ. ಈಗಿನ ಹುಡುಗರು ಕಲಿಯುವುದು ಕಾಲುವೆಯಲ್ಲಿ. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ನಾಲೆ, ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ನಾಲೆ. ಕಾಲುವೆಯ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ. ಅದರ ಜೊತೆ ತೇಲಿಹೋಗುವುದು ಸುಲಭ, ಪಾಚಿಗಟ್ಟಿದ ಸಿಮೆಂಟಿನ ಇಳಿಜಾರನ್ನು ಹಿಡಿದು ಮೇಲೇರುವುದೇ ಕಷ್ಟ. ನದಿಯಲ್ಲಿ ಮರಳು ತೆಗೆದ ಗುಂಡಿಗಳಿರುತ್ತವೆ, ಮೇಲಿನ ಜಲಾಶಯದಿಂದ ಹೊತ್ತಲ್ಲದ ಹೊತ್ತಿನಲ್ಲಿ ನೀರು ಬಿಡುತ್ತಾರೆ. ಕೃಷ್ಣೆಯಲ್ಲಿ ಮೊಸಳೆಗಳಿರುವುದನ್ನು ದೇವದುರ್ಗದವರಿಗೆ ನಾವು ಹೇಳಬೇಕಾಗಿಯೂ ಇಲ್ಲ. ಸಮುದ್ರ ಇವೆಲ್ಲಕ್ಕಿಂತ ಬೇರೆ. ಉಪ್ಪುನೀರು ದೇಹವನ್ನು ಸಿಹಿನೀರಿಗಿಂತ ಸ್ವಲ್ಪ ಹೆಚ್ಚಾಗಿ ಎತ್ತಿಹಿಡಿಯುತ್ತದೆ, ಅದು ಅನುಕೂಲ. ಆದರೆ ಆ ನೀರು ಬರುತ್ತದೆ, ಮರಳಿ ಹೋಗುತ್ತದೆ, ಪಕ್ಕಕ್ಕೂ ಎಳೆಯುತ್ತದೆ. ಕಾಲಡಿಯ ಮರಳು ನಿಂತಲ್ಲೇ ಕರಗುತ್ತದೆ.

ಕಳೆದ ಚಳಿಗಾಲದಲ್ಲಿ ಮಾನ್ವಿ ಕಡೆಯ ಕೆಲವು ಯುವಕ ಯುವತಿಯರೊಡನೆ ನಾವು ಕರಾವಳಿಯ ಒಂದು ತರಬೇತಿ ಶಿಬಿರಕ್ಕೆ ಹೋಗಿದ್ದೆವು. ಅವರಲ್ಲಿ ಒಬ್ಬ ಕಾಲುವೆಯಲ್ಲಿ ಮೀನಿನಂತೆ ಈಜಬಲ್ಲವನು. ತರಬೇತುದಾರರ ಮಾತು ಮುಗಿಯುವ ಮೊದಲೇ ನೀರಿಗೆ ಹಾರಿದ. ಅರ್ಧ ಗಂಟೆಯೊಳಗೆ ಭುಜ ಸೋತು, ಉಪ್ಪುನೀರು ಕುಡಿದು ದಡದಲ್ಲಿ ಮಲಗಿದ್ದ. ವರ್ಷದ ಹಿಂದಷ್ಟೇ ಈಜುಕೊಳದಲ್ಲಿ ಕಲಿತ, ಅಂಗಾತ ತೇಲುವುದರಲ್ಲಿ ಮಾತ್ರ ನಿಪುಣೆಯಾದ ಒಬ್ಬ ಹುಡುಗಿ ಹೇಳಿದಷ್ಟನ್ನೇ ಮಾಡಿದಳು. ಆ ತಂಡದಲ್ಲಿ ಮೊದಲು ಅಲೆಯ ಮೇಲೆ ಎದ್ದು ನಿಂತವಳು ಅವಳೇ.

ಹಾಗಾದರೆ ಎಷ್ಟು ಈಜು ಬಂದರೆ ಸಾಕು? ನಮ್ಮ ಅಳತೆ ಇದು: ಆಸರೆಯಿಲ್ಲದೆ ಹತ್ತು ನಿಮಿಷ ಅಂಗಾತ ತೇಲಬಲ್ಲವರಾಗಿರಬೇಕು, ನಿಲ್ಲದೆ ನೂರು ಮೀಟರ್ ಈಜಬೇಕು, ತಲೆ ನೀರಿನೊಳಗೆ ಹೋದಾಗ ಗಾಬರಿಯಾಗದೆ ಉಸಿರು ಹಿಡಿದು ಮೇಲೆ ಬರಬೇಕು. ವೇಗ ಬೇಕಾಗಿಲ್ಲ. ತರಬೇತುದಾರರಿರುವ ಈಜುಕೊಳದಲ್ಲಿ ನಿತ್ಯ ಒಂದು ಗಂಟೆಯಂತೆ ಒಂದೆರಡು ತಿಂಗಳು ಅಭ್ಯಾಸ ಮಾಡಿದರೆ ಬಹುಮಂದಿಗೆ ಇದು ಸಾಧ್ಯ. ನಲವತ್ತು ದಾಟಿದವರೂ ಕಲಿಯಬಹುದು. ಈ ಹಂತವನ್ನು ಬಿಟ್ಟು ನೇರವಾಗಿ ಕಡಲಿಗೆ ಹೋಗುವವರಿಗೆ ಜೀವರಕ್ಷಕ ಕವಚ ತೊಡಿಸಿ ಹಲಗೆ ಕೊಡುವ ಕಡೆಗಳೂ ಉಂಟು. ನಾವು ಅದನ್ನು ಒಪ್ಪುವುದಿಲ್ಲ.

ಕಲಿಕೆಯ ಮೊದಲ ಪಾಠ ನಡೆಯುವುದು ಒಣ ಮರಳಿನ ಮೇಲೆ. ಹೊಸಬರಿಗೆ ಕೊಡುವ ಹಲಗೆ ಎಂಟೊಂಬತ್ತು ಅಡಿ ಉದ್ದ, ಅಗಲವಾದದ್ದು, ಮೇಲ್ಮೈ ಮೆತ್ತಗಿರುವಂಥದು. ತಲೆಗೆ ಬಡಿದರೂ ಪೆಟ್ಟು ಕಡಿಮೆ. ಹಲಗೆಯ ಹಿಂತುದಿಯಿಂದ ಒಂದು ಹುರಿ ಬಂದಿರುತ್ತದೆ, ಅದನ್ನು ಹಿಂಗಾಲಿನ ಹರಡಿಗೆ ಕಟ್ಟುತ್ತಾರೆ. ಯಾವ ಕಾಲು ಹಿಂದಿರಬೇಕೆಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಹಿಂದಿನಿಂದ ಯಾರಾದರೂ ಮೆಲ್ಲನೆ ನೂಕಿದಾಗ ತಾನಾಗಿ ಮುಂದೆ ಬೀಳುವ ಕಾಲೇ ಸಾಮಾನ್ಯವಾಗಿ ಮುಂಗಾಲು. ಮರಳಿನ ಮೇಲೆ ಹಲಗೆಯ ಆಕಾರ ಗೀರಿ, ಅದರ ಮೇಲೆ ಬೋರಲು ಮಲಗಿ, ಎದೆಯ ಪಕ್ಕಕ್ಕೆ ಅಂಗೈ ಊರಿ, ಒಂದೇ ಬೀಸಿಗೆ ಎದ್ದು ನಿಲ್ಲುವುದನ್ನು ಇಪ್ಪತ್ತು ಮೂವತ್ತು ಬಾರಿ ಮಾಡಿಸುತ್ತಾರೆ. ಬೇಸರ ತರಿಸುವ ಪಾಠ, ನಿಜ. ಭುಜಂಗಾಸನವನ್ನೂ ವೀರಭದ್ರಾಸನವನ್ನೂ ಬಲ್ಲವರಿಗೆ ಈ ಭಂಗಿಗಳು ಅಷ್ಟೇನೂ ಹೊಸದಲ್ಲ. ದಿನವೂ ಸೂರ್ಯನಮಸ್ಕಾರ ಮಾಡುವ ದೇಹ ಇದಕ್ಕೆ ಅರ್ಧ ಸಿದ್ಧವಾಗಿಯೇ ಇರುತ್ತದೆ.

ನೀರಿನಲ್ಲಿ ಪಾಠ ನಡೆಯುವುದು ಸೊಂಟದಷ್ಟು ಆಳದಲ್ಲಿ. ದೂರದ ದೊಡ್ಡ ಅಲೆಗಳು ಹೊಸಬರದಲ್ಲ. ಒಡೆದು ಬೆಳ್ಳಗೆ ನೊರೆಯಾಗಿ ದಡದತ್ತ ಉರುಳಿ ಬರುವ ಅಲೆಯೇ ಅವರ ಗುರು. ಹಲಗೆಯ ಮೇಲೆ ಮಲಗಿ ನೊರೆ ಹಿಂದಿನಿಂದ ತಟ್ಟಿದ ಮೇಲೆ ಎರಡು ಬಾರಿ ಕೈಹುಟ್ಟು ಹಾಕಿ, ಎದ್ದು, ಮೊಣಕಾಲು ಮಡಿಸಿ, ನೋಟವನ್ನು ದಡದ ಕಡೆ ನೆಡಬೇಕು. ಕಾಲನ್ನು ನೋಡಿಕೊಂಡವರು ಬೀಳುತ್ತಾರೆ. ನೋಡಿಕೊಳ್ಳದವರೂ ಬೀಳುತ್ತಾರೆ ಎನ್ನಿ. ಆದ್ದರಿಂದ ಬೀಳುವ ವಿದ್ಯೆಯೇ ಇಲ್ಲಿ ಮುಖ್ಯ. ತಲೆ ಮುಂದಾಗಿ ಎಂದೂ ಹಾರಬಾರದು, ಆಳವಿಲ್ಲದ ನೀರಿನಲ್ಲಿ ಕತ್ತಿನ ಮೂಳೆ ಮುರಿಯುವುದು ಹಾಗೆಯೇ. ಮೈಯನ್ನು ಚಪ್ಪಟೆಯಾಗಿ ಬಿಟ್ಟು ಪಕ್ಕಕ್ಕೆ ಬೀಳಬೇಕು, ಎರಡು ತೋಳುಗಳಿಂದ ತಲೆಯನ್ನು ಮುಚ್ಚಿಕೊಂಡು ಮೇಲೆ ಬರಬೇಕು. ಹಲಗೆಯೊಡನೆ ನಡೆಯುವಾಗ ಅದು ನಮಗೂ ಅಲೆಗೂ ನಡುವೆ ಅಡ್ಡವಾಗಿ ಇರಕೂಡದು, ಪಕ್ಕದಲ್ಲಿರಬೇಕು. ಅಲೆ ಬಡಿದ ಹಲಗೆ ಎದೆಗೆ, ಹಲ್ಲಿಗೆ ಬಂದು ಅಪ್ಪಳಿಸುತ್ತದೆ.

ಕಾಲ ಯಾವುದು? ಅಕ್ಟೋಬರದಿಂದ ಮೇ ಮಧ್ಯದವರೆಗೆ, ಅದೂ ಬೆಳಗಿನ ಹೊತ್ತು, ಕಡಲಗಾಳಿ ಬಿರುಸಾಗುವ ಮುನ್ನ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದ ಅರಬ್ಬಿ ಸಮುದ್ರ ಹೊಸಬರಿಗೆ ಸಲ್ಲದು. ಮೀನುಗಾರರೇ ದೋಣಿಯನ್ನು ದಡಕ್ಕೆಳೆದು ಕುಳಿತಿರುವಾಗ ನಾವು ಇಳಿಯುವುದು ಅವಿವೇಕ. ಎಲ್ಲಿ ಕಲಿತರೂ ತರಬೇತುದಾರರಿಗೆ ಮಾನ್ಯತೆ ಪಡೆದ ಸಂಸ್ಥೆಯ ಪ್ರಮಾಣಪತ್ರವಿದೆಯೇ, ಜೀವರಕ್ಷಣೆಯ ತರಬೇತಿ ಆಗಿದೆಯೇ, ಒಬ್ಬರ ಕೈಕೆಳಗೆ ಎಷ್ಟು ಮಂದಿ ಕಲಿಯುತ್ತಾರೆ ಎಂದು ಕೇಳಿಯೇ ಹಣ ಕೊಡಬೇಕು. ಕೇಳಲು ಸಂಕೋಚ ಬೇಡ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಕ್ಕೆ ಹೋಗಲೇಬೇಕಲ್ಲವೇ? ಅದು ಎಲ್ಲ ಕಡೆಯಿಂದ ಸಮನಾಗಿ ಹೋಗುವುದಿಲ್ಲ. ಮರಳಿನ ದಿಬ್ಬಗಳ ನಡುವೆ ತಗ್ಗಿದ್ದಲ್ಲಿ ಕೂಡಿಕೊಂಡು, ಕಾಲುವೆಯಂತೆ ಕಿರಿದಾದ ದಾರಿಯಲ್ಲಿ ಸಮುದ್ರದ ಕಡೆ ನುಗ್ಗುತ್ತದೆ. ಇದನ್ನೇ ತಜ್ಞರು ‘ರಿಪ್ ಕರೆಂಟ್’ ಎನ್ನುತ್ತಾರೆ, ನಾವು ಸೆಳೆತವೆನ್ನೋಣ. ಇದರ ವೇಗ ಕೆಲವೊಮ್ಮೆ ಸೆಕೆಂಡಿಗೆ ಎರಡು ಮೀಟರನ್ನೂ ಮೀರುತ್ತದೆ, ಒಲಿಂಪಿಕ್ಸ್‌ನ ಈಜುಗಾರನೂ ಅದಕ್ಕೆದುರಾಗಿ ಗೆಲ್ಲಲಾರ. ಇದರ ಮೋಸವೆಂದರೆ ಅಕ್ಕಪಕ್ಕದಲ್ಲಿ ಅಲೆಗಳು ಒಡೆದು ಮೊರೆಯುತ್ತಿರುವಾಗ ಸೆಳೆತವಿರುವ ಜಾಗ ಶಾಂತವಾಗಿ, ಕೊಂಚ ಕಪ್ಪಾಗಿ, ನೊರೆಯಿಲ್ಲದೆ ಕಾಣುತ್ತದೆ. ಬಯಲುಸೀಮೆಯವರು ‘ಇಲ್ಲಿ ಅಲೆ ಇಲ್ಲ, ಮಕ್ಕಳು ಆಡಲಿ’ ಎಂದು ಆರಿಸಿಕೊಳ್ಳುವುದು ಅದೇ ಜಾಗವನ್ನು.

ಸೆಳೆತಕ್ಕೆ ಸಿಕ್ಕವರು ಸಾಯುವುದು ಹೆಚ್ಚಾಗಿ ದಡದ ಕಡೆಗೇ ಈಜಿ ಈಜಿ ಸೋತು. ಸೆಳೆತ ಮನುಷ್ಯನನ್ನು ತಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ ಅಷ್ಟೆ. ಆದ್ದರಿಂದ ಮೊದಲು ತೇಲಬೇಕು, ಒಂದು ಕೈಯೆತ್ತಿ ಕೂಗಬೇಕು. ಬಳಿಕ ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಎಡಕ್ಕೋ ಬಲಕ್ಕೋ ಈಜಿ ಆ ಕಿರುದಾರಿಯಿಂದ ಹೊರಬಂದು, ಅಲೆಗಳು ಒಡೆಯುವ ಕಡೆಯಿಂದ ಓರೆಯಾಗಿ ದಡ ಸೇರಬೇಕು. ಹಲಗೆ ಇದ್ದವರು ಯಾವ ಕಾರಣಕ್ಕೂ ಅದನ್ನು ಬಿಡಬಾರದು. ಕಾಲಿಗೆ ಕಟ್ಟಿದ ಆ ಹಲಗೆಗಿಂತ ದೊಡ್ಡ ಆಸರೆ ಅಲ್ಲಿ ಬೇರೊಂದಿಲ್ಲ. ಹತ್ತು ನಿಮಿಷ ತೇಲುವ ಅಭ್ಯಾಸವನ್ನು ನಾವು ಒತ್ತಿ ಹೇಳಿದ್ದು ಈ ಕಾರಣಕ್ಕೆ.

ದೇಹಕ್ಕೆ ಇದರಿಂದಾಗುವ ಲಾಭ ಕಡಿಮೆಯಲ್ಲ. ಭುಜ, ಬೆನ್ನು, ಹೊಟ್ಟೆ, ತೊಡೆ ಎಲ್ಲಕ್ಕೂ ಕೆಲಸ ಸಿಗುತ್ತದೆ, ಸಮತೋಲನ ಬೆಳೆಯುತ್ತದೆ. ಆದರೆ ಎಲ್ಲರಿಗೂ ಇದು ಹೊಂದದು. ಮೂರ್ಛೆರೋಗವಿರುವವರು, ಹೃದ್ರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವವರು, ಗರ್ಭಿಣಿಯರು, ಕಿವಿ ಸೋರುವವರು, ಪದೇ ಪದೇ ಭುಜದ ಕೀಲು ತಪ್ಪುವವರು ಇಳಿಯಬಾರದು. ಅಸ್ತಮಾ, ರಕ್ತದೊತ್ತಡ, ಸೊಂಟನೋವು ಇರುವವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ನೀರಿನಲ್ಲಿ ಸಕ್ಕರೆ ಅಂಶ ಏಕಾಏಕಿ ಇಳಿಯುವ ಅಪಾಯವಿದೆ. ತರಬೇತುದಾರರಿಗೆ ಮುಂಚೆಯೇ ತಿಳಿಸಿ, ದಡದಲ್ಲಿ ಬೆಲ್ಲವನ್ನೋ ಸಕ್ಕರೆಯನ್ನೋ ಇಟ್ಟುಕೊಂಡಿರಬೇಕು.

ರಾಯಚೂರಿನವರಿಗೆ ತಮ್ಮ ಬಿಸಿಲಿನ ಮೇಲೆ ಒಂದು ಬಗೆಯ ಅಭಿಮಾನ. ನಲವತ್ತೆರಡು ಡಿಗ್ರಿ ಕಂಡವರಿಗೆ ಕರಾವಳಿಯ ಮೂವತ್ತೆರಡು ಏನು ಮಹಾ ಎನ್ನುತ್ತಾರೆ. ನಮ್ಮ ಒಣಹವೆಯಲ್ಲಿ ಬೆವರು ಆರಿ ಮೈ ತಣಿಯುತ್ತದೆ. ಅಲ್ಲಿನ ತೇವದ ಹವೆಯಲ್ಲಿ ಬೆವರು ಆರುವುದೇ ಇಲ್ಲ, ನೀರಿನೊಳಗಿದ್ದಾಗ ಬೆವರಿದ್ದೂ ಗೊತ್ತಾಗುವುದಿಲ್ಲ. ಪಾಠಕ್ಕೆ ಮೊದಲು ಎರಡು ಲೋಟ ನೀರು, ಆಮೇಲೆ ಉಪ್ಪು ಹಾಕಿದ ಮಜ್ಜಿಗೆಯೋ ಎಳನೀರೋ ಬೇಕು. ಊಟ ಮಾಡಿ ಎರಡು ಗಂಟೆಯಾದರೂ ಆಗಿರಬೇಕು, ಬರಿಹೊಟ್ಟೆಯೂ ಬೇಡ. ಎರಡು ಬಾಳೆಹಣ್ಣು ಸಾಕು. ಕಿವಿಗೆ ನೀರು ಹೋದರೆ ತಲೆ ವಾಲಿಸಿ ಬಿಡಬೇಕು. ಕಡ್ಡಿ ಹಾಕುವುದು, ಕಾದ ಎಣ್ಣೆ ಬಿಡುವುದು ಬೇಡ.

ಉಡುಪಿನ ವಿಷಯ ಬಂದಾಗ ಹೆಣ್ಣುಮಕ್ಕಳ ತಂದೆತಾಯಿಗಳು ಹಿಂಜರಿಯುವುದನ್ನು ಕಂಡಿದ್ದೇವೆ. ಮೊಣಕೈ, ಮೊಣಕಾಲು ಮುಚ್ಚುವ, ಮೈಗೆ ಅಂಟಿಕೊಳ್ಳುವ ಈಜುಡುಪು ಬಿಸಿಲಿಗೂ ಹಲಗೆಯ ಉಜ್ಜಿಗೂ ಒಳ್ಳೆಯದು. ನಿಜವಾಗಿ ಅಪಾಯಕಾರಿಯಾದದ್ದು ಸೀರೆ, ದುಪಟ್ಟಾ, ಪಂಚೆ. ಗೋಕರ್ಣದಲ್ಲಿ ಸಮುದ್ರಸ್ನಾನಕ್ಕೆ ಇಳಿಯುವ ನಮ್ಮ ತಾಯಂದಿರ ನೆನೆದ ಸೀರೆ ಕಾಲಿಗೆ ಸುತ್ತಿಕೊಂಡರೆ ಮೊಣಕಾಲುದ್ದ ನೀರಿನಲ್ಲೂ ಏಳಲಾಗುವುದಿಲ್ಲ. ಮುಟ್ಟಿನ ದಿನಗಳ ಬಗ್ಗೆಯೂ ಕೇಳುತ್ತಾರೆ. ಸೂತಕಗಳನ್ನು ನಿರಾಕರಿಸಿದ ಶರಣರ ಮಾರ್ಗದಲ್ಲಿ ಅದೊಂದು ನಿಷೇಧವಲ್ಲ. ಮೈಗೆ ಹಿತವೆನಿಸಿದರೆ ಇಳಿಯಬಹುದು, ಇಲ್ಲದಿದ್ದರೆ ವಿಶ್ರಾಂತಿ.

ಇಷ್ಟಲಿಂಗವನ್ನು ಏನು ಮಾಡಬೇಕೆಂಬುದು ನಮ್ಮ ಭಕ್ತರ ಬಹು ಸಹಜವಾದ ಪ್ರಶ್ನೆ. ದೇಹದಿಂದ ಅಗಲಿಸಬಾರದೆಂಬುದು ನಿಯಮ. ಆದರೆ ಉದ್ದನೆಯ ಶಿವದಾರ ಕೊರಳಲ್ಲಿ ಜೋತಾಡುತ್ತಿದ್ದರೆ ಅಲೆಯ ಹೊಡೆತಕ್ಕೆ ಕತ್ತಿಗೆ ಸುತ್ತಿಕೊಳ್ಳಬಹುದು, ಕರಡಿಗೆ ಎದೆಗೆ ಬಡಿದು ಗಾಯವಾಗಬಹುದು, ಲಿಂಗವೇ ಕೈತಪ್ಪಬಹುದು. ಕರಡಿಗೆಯನ್ನು ಬಿಟ್ಟು ವಸ್ತ್ರದಲ್ಲಿ ಕಟ್ಟಿ, ಎದೆಗೆ ಅಡ್ಡಲಾಗಿ ಬಿಗಿದು, ಮೇಲೆ ಬಿಗಿಯಾದ ಉಡುಪು ತೊಡುವುದು ಒಂದು ಮಾರ್ಗ. ಹೊರಡುವ ಮುನ್ನ ತಮ್ಮ ದೀಕ್ಷಾಗುರುಗಳನ್ನು ಕೇಳಿಕೊಳ್ಳುವುದು ಉಚಿತ, ಅವರ ಮಾತೇ ಅಂತಿಮ.

ಕೊನೆಯದಾಗಿ, ಯಾರಾದರೂ ಮುಳುಗಿದಾಗ ಮಾಡಬೇಕಾದದ್ದು. ಇದು ಕಡಲಿಗಷ್ಟೇ ಅಲ್ಲ, ನಮ್ಮ ಕಾಲುವೆ ಬಾವಿಗಳಿಗೂ ಸಲ್ಲುವ ಮಾತು. 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಅವರಲ್ಲಿ ಬಹುಪಾಲು ನಮ್ಮಂಥ ದೇಶಗಳವರು. ಒಬ್ಬ ಮುಳುಗುವಾಗ ಉಳಿಸಲು ಹಾರಿದವರೂ ಮುಳುಗುವುದು ನಮ್ಮಲ್ಲಿ ಮತ್ತೆ ಮತ್ತೆ ನಡೆಯುತ್ತಿದೆ. ಹಾರಬೇಡಿ. ಹಗ್ಗ, ಬಿಚ್ಚಿದ ಪಂಚೆ, ಉದ್ದನೆಯ ಕೋಲು ಚಾಚಿರಿ. ಬಾಯಿ ಮುಚ್ಚಿದ ಖಾಲಿ ಪ್ಲಾಸ್ಟಿಕ್ ಕ್ಯಾನನ್ನು ಎಸೆಯಿರಿ. ಹೊರತೆಗೆದ ಮೇಲೆ ತಲೆಕೆಳಗಾಗಿ ಹಿಡಿಯುವುದು, ಹೆಗಲ ಮೇಲೆ ಹೊತ್ತು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಇವೆಲ್ಲ ಅಮೂಲ್ಯ ನಿಮಿಷಗಳನ್ನು ಕಳೆಯುತ್ತವೆ.

ಇನ್ನೊಂದು ಭ್ರಮೆಯನ್ನು ನೋವಿನಿಂದಲೇ ಹೇಳಬೇಕಾಗಿದೆ. 2022ರಲ್ಲಿ ಬಳ್ಳಾರಿ ಸಮೀಪದ ಸಿರವಾರದಲ್ಲಿ (ನಮ್ಮ ಜಿಲ್ಲೆಯ ಸಿರವಾರವಲ್ಲ), 2023ರಲ್ಲಿ ಹಾವೇರಿ ಜಿಲ್ಲೆಯಲ್ಲಿ, ಮುಳುಗಿ ಸತ್ತ ಮಕ್ಕಳನ್ನು ಉಪ್ಪಿನ ರಾಶಿಯಲ್ಲಿ ಗಂಟೆಗಟ್ಟಲೆ ಹೂತಿಟ್ಟು ಬದುಕಿ ಬರುವರೆಂದು ಕಾದರು. ಮೊಬೈಲಿನಲ್ಲಿ ಹರಿದಾಡಿದ ಒಂದು ಸುಳ್ಳು ಸಂದೇಶ ಅದಕ್ಕೆ ಕಾರಣ. ಆ ತಂದೆತಾಯಿಗಳನ್ನು ನಾವು ಹಳಿಯಲಾರೆವು. ಆದರೆ ಉಪ್ಪು ಜೀವವನ್ನು ಮರಳಿ ತರುವುದಿಲ್ಲ.

ತರುವುದಾದರೆ ಉಸಿರು ತರಬಹುದು, ಅದೂ ಮೊದಲ ಕೆಲವು ನಿಮಿಷಗಳಲ್ಲಿ. ವ್ಯಕ್ತಿ ಉಸಿರಾಡುತ್ತಿಲ್ಲವಾದರೆ ಅಂಗಾತ ಮಲಗಿಸಿ, ಗಲ್ಲವನ್ನೆತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಎರಡರಿಂದ ಐದು ಬಾರಿ ಉಸಿರು ಊದಬೇಕು. ಅನಂತರ ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ಎದೆ ಸುಮಾರು 5 ಸೆಂಟಿಮೀಟರ್ ತಗ್ಗುವಂತೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಬಾರಿ ಒತ್ತಬೇಕು. ಮತ್ತೆ ಎರಡು ಉಸಿರು, ಮತ್ತೆ 30 ಒತ್ತು. ಸಣ್ಣ ಮಕ್ಕಳಿಗೆ ಒಂದೇ ಕೈ ಸಾಕು. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಉಸಿರು ಮರಳುವವರೆಗೆ ಅಥವಾ ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬಾರದು. ಉಸಿರು ಮರಳಿ, ಎದ್ದು ಕುಳಿತು, ಮಾತಾಡಿ, ‘ನನಗೇನೂ ಆಗಿಲ್ಲ’ ಎಂದರೂ ಆಸ್ಪತ್ರೆಗೆ ಒಯ್ಯಲೇಬೇಕು. ನೀರು ಹೊಕ್ಕ ಶ್ವಾಸಕೋಶ ಕೆಲವು ಗಂಟೆಗಳ ಬಳಿಕ ಬಾತು ಉಸಿರು ಕಟ್ಟುವುದುಂಟು. ಆ ರಾತ್ರಿ ವೈದ್ಯರ ಕಣ್ಣೆದುರಿಗೇ ಕಳೆಯಲಿ.